ಬರ್ಗರ್‌ನಲ್ಲಿ ಬಟಾಣಿ, ರಾಯಚೂರಿನಲ್ಲಿ ತೊಗರಿ

ಮಾಂಸವಿಲ್ಲದ ಬರ್ಗರ್ ಅಮೆರಿಕದಲ್ಲಿ ದೊಡ್ಡ ಸುದ್ದಿಯಾದದ್ದು 2019ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಬರ್ಗರ್ ಕಿಂಗ್ ಕಂಪನಿ ಸೋಯಾ ಪ್ರೋಟೀನ್‌ನಿಂದ ಮಾಡಿದ ‘ಇಂಪಾಸಿಬಲ್ ವಾಪರ್’ ಅನ್ನು ಸೇಂಟ್ ಲೂಯಿಸ್ ನಗರದಲ್ಲಿ ಪ್ರಯೋಗಕ್ಕೆ ಇಟ್ಟಿತು. ಆಗಸ್ಟ್ ಹೊತ್ತಿಗೆ ಅದು ದೇಶದ ಎಲ್ಲ ಕಡೆಯ ಮಳಿಗೆಗಳಿಗೂ ಬಂತು. ಈ ಸುದ್ದಿಯನ್ನು ಬಳ್ಳಾರಿಯಲ್ಲಿ ಕುಳಿತು ಓದಿದವರಿಗೆ ಇದರಲ್ಲೇನು ಹೊಸತು ಎನಿಸಿದ್ದರೆ ಆಶ್ಚರ್ಯವಿಲ್ಲ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಯಲ್ಲಿ ಮೊದಲ ಮಳಿಗೆ ತೆರೆದಾಗಲೇ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟುಕೊಟ್ಟಿತ್ತು. ಆಮೇಲೆ ಬಂದ ಆಲೂ ಟಿಕ್ಕಿ ಬರ್ಗರ್ ಆ ಕಂಪನಿಯನ್ನು ಈ ದೇಶದಲ್ಲಿ ನೆಲೆ ನಿಲ್ಲಿಸಿತು. ಹುಟ್ಟಿದಂದಿನಿಂದ ಬರ್ಗರ್ ಎಂದರೆ ಆಲೂಗಡ್ಡೆ ಎಂದೇ ತಿಳಿದು ಬೆಳೆದ ಒಂದು ತಲೆಮಾರೇ ನಮ್ಮಲ್ಲಿದೆ.

ಆದರೂ ಎರಡಕ್ಕೂ ದೊಡ್ಡ ಅಂತರವಿದೆ. ಆಲೂ ಟಿಕ್ಕಿ ತಾನು ಆಲೂಗಡ್ಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಹೊಸ ಬರ್ಗರ್ ತಾನು ಕಾಳು ಎಂಬುದನ್ನು ತಿನ್ನುವವನ ನಾಲಿಗೆಯಿಂದ ಮರೆಸಬೇಕೆಂದೇ ಹುಟ್ಟಿದೆ. ಮಾಂಸದ ನಾರು, ಮಾಂಸದ ರಸ, ಹೆಂಚಿನ ಮೇಲೆ ಬೆಂದಾಗ ಏಳುವ ವಾಸನೆ, ಕೊನೆಗೆ ಕೆಂಪು ಬಣ್ಣವನ್ನು ಕೂಡ ಅದು ನಟಿಸಬೇಕು. ಈಗ ಇಂಥ ಪ್ಯಾಟಿಗಳು, ಅಂದರೆ ಬರ್ಗರ್‌ನ ನಡುವೆ ಇಡುವ ಬಿಲ್ಲೆಗಳು, ಮಹಾನಗರ ದಾಟಿ ಜಿಲ್ಲಾ ಕೇಂದ್ರಗಳ ಫಾಸ್ಟ್ ಫುಡ್ ಮಳಿಗೆಗಳಿಗೂ, ಮೊಬೈಲ್‌ನಲ್ಲಿ ತರಿಸಿಕೊಳ್ಳುವ ಶೀತಲ ಪೊಟ್ಟಣಗಳಿಗೂ ಇಳಿಯುತ್ತಿವೆ. ಜೊತೆಗೆ ಎಲ್ಲೆಲ್ಲೂ ಪ್ರೋಟೀನ್ ಎಂಬ ಜಪ. ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಕಾಳು ಬೆಳೆಯುವ ಸೀಮೆಗೆ ಇದು ಏನು ತಂದುಕೊಡುತ್ತದೆ ಎಂದು ಕೇಳಬೇಕಾದ ಹೊತ್ತು ಇದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಬರ್ಗರ್ ಬೇರೆ ನಾಡಿನ ಸಮಸ್ಯೆಗೆ ಹುಡುಕಿದ ಪರಿಹಾರ. ಇದರ ಹಿಂದಿರುವ ಯಂತ್ರ ಮಾತ್ರ ನಮಗೆ ಬೇಕಾದದ್ದು.

ಆ ಯಂತ್ರ ನಮಗೆ ಅಪರಿಚಿತವೇನೂ ಅಲ್ಲ. ಮದುವೆ ಮನೆಯ ಪಲಾವಿನಲ್ಲಿ, ಹಾಸ್ಟೆಲ್ಲಿನ ಸಾಗುವಿನಲ್ಲಿ ಸಿಗುವ ಮೀಲ್ ಮೇಕರ್ ಅಂದರೆ ಸೋಯಾ ಉಂಡೆ ಇದೇ ಯಂತ್ರದ ಕೂಸು. ಸೋಯಾ ಅವರೆಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿಗೆ ನೀರು ಬೆರೆಸಿ, ತಿರುಚುವ ಸ್ಕ್ರೂ ಇರುವ ಕೊಳವೆಯೊಳಗೆ ಭಾರಿ ಒತ್ತಡದಲ್ಲಿ, ನೀರು ಕುದಿಯುವುದಕ್ಕಿಂತ ಹೆಚ್ಚಿನ ಶಾಖದಲ್ಲಿ ತಳ್ಳುತ್ತಾರೆ. ಒಳಗೆ ಪ್ರೋಟೀನ್ ಕರಗಿ, ಒಂದೇ ದಿಕ್ಕಿಗೆ ಸಾಲುಗಟ್ಟುತ್ತದೆ. ಸಣ್ಣ ರಂಧ್ರದಿಂದ ಹೊರಬಂದ ಕೂಡಲೇ ಒತ್ತಡ ಇಳಿದು ಒಳಗಿನ ನೀರು ಆವಿಯಾಗುತ್ತದೆ, ಹಿಟ್ಟು ಉಬ್ಬಿ ಸ್ಪಂಜಿನಂತಾಗುತ್ತದೆ. ಇದಕ್ಕೆ ಎಕ್ಸ್‌ಟ್ರೂಷನ್ ಎನ್ನುತ್ತಾರೆ. ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣದಲ್ಲಿ ತೂಗಾಡುವ ಕುರುಕಲು ತಿಂಡಿಯ ಬಹುಪಾಲು ತಯಾರಾಗುವುದೂ ಹೀಗೆಯೇ. 1960ರ ದಶಕದಲ್ಲಿ ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿಯಲ್ಲಿ ರೂಪುಗೊಂಡ ಈ ವಿಧಾನ ನಮ್ಮ ಅಡುಗೆಮನೆಗೆ ಬಂದು ಎಷ್ಟೋ ಕಾಲವಾಯಿತು. ಹೊಸ ಪ್ಯಾಟಿಗಳಲ್ಲಿ ಆಗಿರುವ ಸುಧಾರಣೆ ಎಂದರೆ, ಹೆಚ್ಚು ನೀರಿನ ಅಂಶದೊಂದಿಗೆ ಹಿಟ್ಟನ್ನು ತಳ್ಳಿ, ಹೊರಬರುವ ತುದಿಯಲ್ಲಿ ತಣ್ಣಗೆ ಮಾಡುವುದು. ಆಗ ಅದು ಉಬ್ಬದೆ, ಪದರಪದರವಾಗಿ ನಾರುಗಟ್ಟುತ್ತದೆ. ಕೋಳಿಯ ಎದೆ ಮಾಂಸದಂತೆ ಸೀಳಿಕೊಳ್ಳುವ ಗುಣ ಅಲ್ಲಿಂದ ಬರುತ್ತದೆ. ಮೇಲೆ ತೆಂಗಿನೆಣ್ಣೆ ಕೊಬ್ಬಿನ ಪಾತ್ರ ವಹಿಸುತ್ತದೆ, ಮೀಥೈಲ್ ಸೆಲ್ಯುಲೋಸ್ ಎಂಬ ಅಂಟು ಎಲ್ಲವನ್ನೂ ಹಿಡಿದಿಡುತ್ತದೆ.

ಬಣ್ಣ ಮತ್ತು ವಾಸನೆಯ ಕಥೆ ಇನ್ನೂ ಸ್ವಾರಸ್ಯಕರ. ಇಂಪಾಸಿಬಲ್ ವಾಪರ್‌ನ ಪ್ಯಾಟಿ ತಯಾರಿಸುವ ಇಂಪಾಸಿಬಲ್ ಫುಡ್ಸ್ ಕಂಪನಿಯನ್ನು 2011ರಲ್ಲಿ ಕಟ್ಟಿದ ಪ್ಯಾಟ್ರಿಕ್ ಬ್ರೌನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ. ಮಾಂಸಕ್ಕೆ ಮಾಂಸದ ರುಚಿ ಕೊಡುವುದು ಅದರಲ್ಲಿರುವ ಹೀಮ್ ಎಂಬ ಕಬ್ಬಿಣಾಂಶದ ಅಣು ಎಂದು ಅವರ ತಂಡ ಹಿಡಿದು, ಅದೇ ಅಣು ಸಸ್ಯದಲ್ಲಿ ಎಲ್ಲಿದೆ ಎಂದು ಹುಡುಕಿತು. ಸಿಕ್ಕಿದ್ದು ಸೋಯಾ ಗಿಡದ ಬೇರಿನ ಗಂಟಿನಲ್ಲಿ. ಕುಷ್ಟಗಿ, ಯಲಬುರ್ಗಾ ಕಡೆಯ ರೈತರಿಗೆ ಈ ಗಂಟು ಚೆನ್ನಾಗಿ ಗೊತ್ತು. ಶೇಂಗಾ ಗಿಡವನ್ನೋ ತೊಗರಿ ಗಿಡವನ್ನೋ ಬೇರುಸಹಿತ ಕಿತ್ತು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು ಕಾಣುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಮಾಡುತ್ತಿವೆ ಎಂಬುದಕ್ಕೆ ಆ ಕೆಂಪೇ ಗುರುತು. ಆ ಕೆಂಪಿನ ಹೆಸರು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಸ್ಯ ಸಂಬಂಧಿ. ಅಷ್ಟು ಬೇರುಗಳನ್ನು ಕಿತ್ತು ಬರ್ಗರ್ ಮಾಡಲು ಆಗುವುದಿಲ್ಲವಲ್ಲ, ಆದ್ದರಿಂದ ಕಂಪನಿ ಸೋಯಾದ ಆ ಜೀನನ್ನು ಯೀಸ್ಟ್ ಒಂದಕ್ಕೆ ಸೇರಿಸಿ ದೊಡ್ಡ ತೊಟ್ಟಿಗಳಲ್ಲಿ ಹೀಮ್ ಬೆಳೆಸುತ್ತದೆ.

ಇಲ್ಲಿಯೇ ನಮ್ಮ ದೇಶದ ಕಾನೂನು ಅಡ್ಡ ಬರುತ್ತದೆ. ವಾಣಿಜ್ಯ ಬೇಸಾಯಕ್ಕೆ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ ಬೆಳೆಯುತ್ತಾ ರಾಯಚೂರು ಜಿಲ್ಲೆ ಎರಡು ದಶಕ ಕಳೆದಿದೆ. ಅದೂ ಕುಲಾಂತರಿಯೇ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ್ದು. ಆದರೆ ಆ ಯೀಸ್ಟ್‌ನಂಥ ಕುಲಾಂತರಿ ಜೀವಿಯಿಂದ ಬಂದ ಆಹಾರಕ್ಕೆ ಅನುಮತಿ ಎಂಬುದು ಇನ್ನೂ ಬಿಗಿಯಾದ ಬಾಗಿಲು. ಹಾಗಾಗಿ ನಮ್ಮಲ್ಲಿ ಮಾರಾಟವಾಗುವ ಪ್ಯಾಟಿಗಳು ಬೇರೆ ದಾರಿ ಹಿಡಿದಿವೆ: ಸೋಯಾ, ಬಟಾಣಿ, ಗೋಧಿಯ ಪ್ರೋಟೀನ್, ಬಣ್ಣಕ್ಕೆ ಬೀಟ್‌ರೂಟ್, ರುಚಿಗೆ ಮಸಾಲೆ. ಡಾಮಿನೋಸ್ 2020ರ ಡಿಸೆಂಬರ್‌ನಲ್ಲಿ ಸಸ್ಯಜನ್ಯ ಮಾಂಸದ ಪಿಜ್ಜಾ ತಂದಿತು. ಉದಯಪುರದ ಗುಡ್‌ಡಾಟ್, ನಟ ದಂಪತಿ ರಿತೇಶ್ ಮತ್ತು ಜೆನಿಲಿಯಾ ಆರಂಭಿಸಿದ ಇಮ್ಯಾಜಿನ್ ಮೀಟ್ಸ್, ಐಟಿಸಿ, ಟಾಟಾ ಎಲ್ಲರೂ ಕಣಕ್ಕಿಳಿದರು. 2025ರ ಜುಲೈನಲ್ಲಿ ಪಶ್ಚಿಮ ಮತ್ತು ದಕ್ಷಿಣ ಭಾರತದ ಮೆಕ್‌ಡೊನಾಲ್ಡ್ಸ್ ಮಳಿಗೆಗಳು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಜೊತೆ ಸೇರಿ ಸೋಯಾ ಮತ್ತು ಬಟಾಣಿಯ ಪ್ರೋಟೀನ್ ಹಾಳೆಯೊಂದನ್ನು ಹೊರತಂದವು. ಯಾವ ಬರ್ಗರ್‌ಗೆ ಬೇಕಾದರೂ 25 ರೂಪಾಯಿ ಹೆಚ್ಚು ಕೊಟ್ಟು ಸೇರಿಸಿಕೊಳ್ಳಬಹುದು, 5 ಗ್ರಾಂ ಪ್ರೋಟೀನ್ ಸಿಗುತ್ತದೆ. ಈ ಕೊನೆಯದನ್ನು ನಾನು ಇಡೀ ಸಾಲಿನಲ್ಲಿ ಹೆಚ್ಚು ಪ್ರಾಮಾಣಿಕ ಪದಾರ್ಥ ಎಂದು ಎಣಿಸುತ್ತೇನೆ, ಏಕೆಂದರೆ ಅದು ಮಾಂಸದ ವೇಷ ಹಾಕಿಲ್ಲ. ಅದರ ಬೆಲೆಯ ವಿಚಾರಕ್ಕೆ ಮುಂದೆ ಬರುತ್ತೇನೆ.

ತಿನ್ನದೆ ಬರೆಯುವುದು ಸರಿಯಲ್ಲವೆಂದು ಬಳ್ಳಾರಿಯ ಒಂದು ಸರಣಿ ಮಳಿಗೆಗೆ ಅಕ್ಕ ಮತ್ತು ಅವಳ ಮಗನೊಂದಿಗೆ ಹೋದೆ. ಅಕ್ಕ ಕೊಪ್ಪಳದ ಮನೆಗೆ ಸೊಸೆಯಾಗಿ ಹೋದವಳು, ಹುಟ್ಟು ಸಸ್ಯಾಹಾರಿ. ಅವಳ ಮಗ ಎಂಜಿನಿಯರಿಂಗ್ ಓದುತ್ತಾನೆ, ಹೊರಗೆ ಏನು ತಿನ್ನುತ್ತಾನೆ ಎಂಬುದನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಪ್ಯಾಟಿಯ ಮೊದಲ ತುತ್ತು ಚೆನ್ನಾಗಿತ್ತು. ಹೊರಗಿನ ಗರಿ, ಒಳಗಿನ ಬಿಸಿ, ಮೆಯೋನೀಸ್‌ನ ಜಿಡ್ಡು ಸೇರಿ ಚಿಕನ್ ಬರ್ಗರ್ ಎಂದು ಕೊಟ್ಟಿದ್ದರೂ ನಂಬುತ್ತಿದ್ದೆ. ಮೆಯೋನೀಸ್ ಇಲ್ಲದ ಅಂಚನ್ನು ಬೇರೆಯಾಗಿ ಮುರಿದು ತಿಂದಾಗ ಸೋಯಾದ ಹಸಿಕಾಳಿನ ವಾಸನೆ ಹಿಂದಿನಿಂದ ಬಂತು. ಕಾಳನ್ನು ಒಡೆದಾಗ ಅದರದೇ ಕಿಣ್ವವೊಂದು ಕೊಬ್ಬಿನಾಂಶದ ಮೇಲೆ ಕೆಲಸ ಮಾಡಿ ಹುಟ್ಟಿಸುವ ವಾಸನೆ ಇದು. ಇದನ್ನು ಅಡಗಿಸುವುದೇ ಈ ಉದ್ಯಮದ ಅರ್ಧ ಕೆಲಸ. ಅಗಿಯುತ್ತಾ ಹೋದಂತೆ ನಾರು ಬಿಡಿಬಿಡಿಯಾಗದೆ ರಬ್ಬರಿನ ಕಡೆಗೆ ವಾಲಿತು. ಕೆಟ್ಟದ್ದೇನಲ್ಲ, ಇನ್ನೊಮ್ಮೆ ಬೇಕು ಎನಿಸುವಂಥದ್ದೂ ಅಲ್ಲ.

“ಮಾಮಾ, ಇದು ಕೋಳಿಯಂತಿಲ್ಲ, ಇಲ್ಲಿನ ಚಿಕನ್ ಪ್ಯಾಟಿಯಂತಿದೆ” ಎಂದ ಅಳಿಯ. ಹುಡುಗ ಇಡೀ ಉದ್ಯಮದ ಗುಟ್ಟನ್ನೇ ಬಿಚ್ಚಿದ. ಸರಣಿ ಮಳಿಗೆಯ ಚಿಕನ್ ಪ್ಯಾಟಿ ಕೋಳಿಯ ರೂಪವನ್ನು ಎಂದೋ ಕಳೆದುಕೊಂಡಿದೆ. ಅರೆದು, ಅಂಟು ಬೆರೆಸಿ, ಅಚ್ಚಿಗೆ ಹಾಕಿ, ಹಿಟ್ಟಿನಲ್ಲಿ ಹೊರಳಿಸಿ, ಶೀತಲಗೊಳಿಸಿ ಬಂದದ್ದು ಅದು. ಮೂಲವೇ ಅಷ್ಟು ಸಪ್ಪೆಯಾಗಿರುವಾಗ ನಕಲು ಮಾಡುವುದು ಸುಲಭ. ಅಮೆರಿಕದಲ್ಲಿ ಇಂಥ ಉತ್ಪನ್ನ ಮೊದಲು ಗೆದ್ದದ್ದು ಅರೆದ ಮಾಂಸದ ಬಿಲ್ಲೆಯ ಜಾಗದಲ್ಲಿ ಎಂಬುದು ಕಾಕತಾಳೀಯವಲ್ಲ. ರಾಯಚೂರಿನ ಮನೆಯೊಂದರ ಮೂಳೆಸಾರನ್ನೋ ತಲೆಮಾಂಸವನ್ನೋ ನಕಲು ಮಾಡಲು ಯಾವ ಯಂತ್ರಕ್ಕೂ ಇನ್ನೂ ಧೈರ್ಯ ಬಂದಿಲ್ಲ. ನಮ್ಮಲ್ಲಿ ಮಾಂಸ ತಿನ್ನುವವರು ಬಹುತೇಕ ತಿನ್ನುವುದು ಹಾಗೆ: ಮೂಳೆಯೊಂದಿಗೆ, ಮಸಾಲೆಯಲ್ಲಿ, ರೊಟ್ಟಿಗೋ ಅನ್ನಕ್ಕೋ ಕಲಸಿಕೊಂಡು.

ಅಕ್ಕ ಅರ್ಧ ತಿಂದು ತಟ್ಟೆಯನ್ನು ಸರಿಸಿದಳು. ರುಚಿಯ ದೂರು ಅವಳದ್ದಲ್ಲ. “ನಾನು ಯಾವುದನ್ನು ಮುಟ್ಟುವುದಿಲ್ಲವೋ ಅದರ ಹಾಗೆಯೇ ಇರುವುದನ್ನು ದುಡ್ಡು ಕೊಟ್ಟು ಏಕೆ ತಿನ್ನಲಿ ತಮ್ಮಾ?” ಎಂದು ಕೇಳಿದಳು. ಹಸಿರು ಚುಕ್ಕೆಯ ಗುರುತನ್ನು ತೋರಿಸಿದೆ. ಕಣ್ಣು ಒಪ್ಪಿದರೂ ಮನಸ್ಸು ಒಪ್ಪುವುದಿಲ್ಲ ಎಂದಳು. ಮಾರಾಟ ವಿಭಾಗದವರು ಯಾವ ಪಟ್ಟಿಯಲ್ಲೂ ಬರೆಯದ ಮಾತು ಇದು. ಪಶ್ಚಿಮದಲ್ಲಿ ಈ ಬರ್ಗರ್ ಮಾಂಸ ಬಿಡಬೇಕೆಂದುಕೊಂಡೂ ಬಿಡಲಾಗದವರಿಗಾಗಿ ತಯಾರಾಯಿತು. ನಮ್ಮ ಕಡೆಯ ಸಸ್ಯಾಹಾರಿ ಮಾಂಸವನ್ನು ಬಿಟ್ಟವನಲ್ಲ, ತಿನ್ನದ ಮನೆಯಲ್ಲಿ ಹುಟ್ಟಿದವನು. ಅವನಿಗೆ ಮಾಂಸದ ಹಂಬಲವಿಲ್ಲ, ಹೋಲಿಕೆಯೇ ಅಸಹ್ಯ. ಇನ್ನು ತಿನ್ನುವವನಿಗೆ ರಸ್ತೆಯಾಚೆ ಬಂಡಿಯಲ್ಲಿ ಕಬಾಬ್ ಸಿಗುತ್ತದೆ, ಈ ಬರ್ಗರ್‌ಗಿಂತ ಕಡಿಮೆ ದುಡ್ಡಿಗೆ.

ನಡುವೆ ಉಳಿದವರು ಯಾರು? ಲೆಕ್ಕ ನೋಡೋಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019–21) ದೇಶದಲ್ಲಿ 15ರಿಂದ 49 ವರ್ಷದ ಗಂಡಸರಲ್ಲಿ ಶೇ 83ರಷ್ಟು, ಹೆಂಗಸರಲ್ಲಿ ಶೇ 70ರಷ್ಟು ಮಂದಿ ಎಂದಾದರೊಮ್ಮೆಯಾದರೂ ಮೀನು, ಕೋಳಿ ಅಥವಾ ಮಾಂಸ ತಿನ್ನುತ್ತಾರೆ. 2014ರ ಮಾದರಿ ನೋಂದಣಿ ಸಮೀಕ್ಷೆ ಕರ್ನಾಟಕದ ಸಸ್ಯಾಹಾರಿಗಳ ಪ್ರಮಾಣವನ್ನು ಶೇ 21 ಎಂದು ಗುರುತಿಸಿತ್ತು. ಆದರೆ ‘ಎಂದಾದರೊಮ್ಮೆ’ ಎಂಬುದರಲ್ಲೇ ವಿಷಯವಿದೆ. ದೇಶದಲ್ಲಿ ತಲಾ ಮಾಂಸ ಸೇವನೆ ವರ್ಷಕ್ಕೆ ಸುಮಾರು 7 ಕಿಲೋ. ಅಮೆರಿಕದಲ್ಲಿ ಅದು ನೂರು ಕಿಲೋದ ಮೇಲಿದೆ. ವಾರಕ್ಕೊಮ್ಮೆ ಭಾನುವಾರವೋ, ಅಮಾವಾಸ್ಯೆ ಕಳೆದ ಮೇಲೋ, ಜಾತ್ರೆಯ ಮರುದಿನವೋ ಮಾಂಸ ಬೇಯುವ ಮನೆಗೆ ಹೋಗಿ ಮಾಂಸ ಕಡಿಮೆ ಮಾಡಿ ಎಂದು ಹೇಳುವುದರಲ್ಲಿ ಏನು ಅರ್ಥ?

ಕಡಿಮೆ ಮಾಡಿ ಎಂಬ ಕರೆ ಹುಟ್ಟಿದ್ದು ಹವಾಮಾನದ ಕಾರಣದಿಂದ. 2018ರಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಪ್ರಕಟಿಸಿದ ದೊಡ್ಡ ಅಧ್ಯಯನ ಈ ಚರ್ಚೆಗೆ ಅಡಿಪಾಯ. ಮಾಂಸಕ್ಕೆಂದೇ ಸಾಕಿದ ದನದಿಂದ 100 ಗ್ರಾಂ ಪ್ರೋಟೀನ್ ಪಡೆಯಲು ಸರಾಸರಿ 50 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬೀಳುತ್ತದೆ. ಕೋಳಿಯಿಂದಾದರೆ 6 ಕಿಲೋದಷ್ಟು, ಬಟಾಣಿಯಿಂದಾದರೆ ಅರ್ಧ ಕಿಲೋಗೂ ಕಡಿಮೆ. ದನದ ಮಾಂಸದ ಜಾಗಕ್ಕೆ ಬಟಾಣಿ ಬಂದರೆ ಲಾಭ ಬೆಟ್ಟದಷ್ಟಿದೆ. ಕೋಳಿಯ ಜಾಗಕ್ಕೆ, ಅದೂ ವಾರಕ್ಕೊಮ್ಮೆ ತಿನ್ನುವ ಕೋಳಿಯ ಜಾಗಕ್ಕೆ ಬಂದರೆ ಲಾಭ ಗುಡ್ಡದಷ್ಟೂ ಇಲ್ಲ. ಈ ಸೀಮೆಯ ಆಹಾರದಲ್ಲಿ ಹವಾಮಾನದ ಲೆಕ್ಕ ಹುಡುಕುವವರು ಕೋಳಿ ಅಂಗಡಿಯ ಕಡೆ ನೋಡುವ ಬದಲು ಗಂಗಾವತಿ, ಕಾರಟಗಿ, ಸಿಂಧನೂರಿನ ಗದ್ದೆಗಳ ಕಡೆ ನೋಡಬೇಕು. ನೀರು ನಿಂತ ಭತ್ತದ ಗದ್ದೆಯ ಕೆಸರಿನಿಂದ ಮೀಥೇನ್ ಏಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಹೆಚ್ಚಿನ ನೆಲಕ್ಕೆ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳನ್ನೇ ಗೊತ್ತುಮಾಡಿದ್ದರು. ಮೇಲ್ಭಾಗದಲ್ಲಿ ಭತ್ತ ಹರಡಿತು, ಮಾನ್ವಿ ಮತ್ತು ರಾಯಚೂರಿನ ಕೊನೆಯಂಚಿನ ರೈತರು ನೀರಿಗಾಗಿ ಪ್ರತಿ ವರ್ಷ ರಸ್ತೆಗಿಳಿಯುವಂತಾಯಿತು. ಬರ್ಗರ್ ಬದಲಿಸುವುದಕ್ಕಿಂತ ಗದ್ದೆ ಒಣಗಿಸಿ ನೀರು ಕಟ್ಟುವ ಪದ್ಧತಿ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಜಾಹೀರಾತು ಮಾಡುವವರು ಯಾರೂ ಇಲ್ಲ.

ಭತ್ತದ ಈ ವಿಸ್ತರಣೆ ತಟ್ಟೆಯನ್ನೂ ಬದಲಿಸಿತು. ಜೋಳದಲ್ಲಿ ನೂರಕ್ಕೆ ಹತ್ತು ಪಾಲು ಪ್ರೋಟೀನ್ ಇದ್ದರೆ ಅಕ್ಕಿಯಲ್ಲಿ ಏಳೆಂಟು. ಜೋಳದ ಪ್ರೋಟೀನ್‌ಗೆ ತನ್ನದೇ ಕುಂದುಗಳಿವೆ: ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ನೀರಿನಲ್ಲಿ ಬೆಂದಾಗ ಜೀರ್ಣವಾಗುವ ಗುಣವೂ ತಗ್ಗುತ್ತದೆ. ಹಿಂದಿನವರ ಊಟದಲ್ಲಿ ಇದಕ್ಕೆ ಪರಿಹಾರ ರೊಟ್ಟಿಯ ಪಕ್ಕದಲ್ಲೇ ಇತ್ತು. ಬೇಳೆ ಹಾಕಿದ ಪುಂಡಿ ಪಲ್ಯ, ಮಡಿಕೆಕಾಳು, ಹೆಸರುಕಾಳು, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ. ಕಾಳುಗಳಲ್ಲಿ ಲೈಸಿನ್ ಸಮೃದ್ಧ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಧಾನ್ಯದಲ್ಲಿ ಇದೆ, ಎರಡೂ ಸೇರಿ ಪೂರ್ಣವಾಗುತ್ತವೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಎಂದು ಆಹಾರ ತಜ್ಞರು ಇಂದು ಹೇಳುತ್ತಿರುವುದು ಇದನ್ನೇ. ರೊಟ್ಟಿ ಕಡಿಮೆಯಾಗಿ ಅನ್ನ ಹೆಚ್ಚಾದಾಗ, ತೊಗರಿ ಬೇಳೆ ತುಟ್ಟಿಯಾಗಿ ಸಾರು ತೆಳುವಾದಾಗ ಈ ಜೋಡಿ ಮುರಿಯಿತು. ಕೊರತೆ ಹುಟ್ಟಿದ್ದು ಅಲ್ಲಿ.

ಕೊರತೆ ಎಷ್ಟು ನಿಜ ಎಂಬುದಕ್ಕೆ ಮೊಟ್ಟೆಯ ಗಲಾಟೆಯೇ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿತು. ಕೆಲವು ಮಠಾಧೀಶರು ವಿರೋಧಿಸಿದರು. ಕೊಪ್ಪಳ ಜಿಲ್ಲೆಯ ಶಾಲಾ ಮಕ್ಕಳೇ ನಮಗೆ ಮೊಟ್ಟೆ ಬೇಕು ಎಂದು ಗಟ್ಟಿಯಾಗಿ ಹೇಳಿದ ವಿಡಿಯೊ ರಾಜ್ಯವೆಲ್ಲ ಹರಿದಾಡಿತು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೇರಿತು. ಆ ಗಲಾಟೆಯಲ್ಲಿ ಬಾಳೆಹಣ್ಣು ಮೊಟ್ಟೆಗೆ ಬದಲಿ ಎಂಬಂತೆ ಮಾತಾಡಿದವರು ಬಹಳ. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಇದ್ದರೆ ಹೆಚ್ಚು, ಮೊಟ್ಟೆಯಲ್ಲಿ ಆರು. ಮೊಟ್ಟೆ ತಿನ್ನದ ಮಗುವಿಗೆ ನಿಜವಾಗಿ ಸರಿಸಮನಾದ ಸಸ್ಯಜನ್ಯ ಪದಾರ್ಥ ಯಾವುದು ಎಂಬ ಪ್ರಶ್ನೆ ಅಂದು ಮೂಲೆಗೆ ಸರಿಯಿತು. ಸಸ್ಯ ಪ್ರೋಟೀನ್ ತಂತ್ರಜ್ಞಾನಕ್ಕೆ ಈ ನೆಲದಲ್ಲಿ ಏನಾದರೂ ಕೆಲಸವಿದ್ದರೆ ಅದು ಅಲ್ಲಿದೆ.

ಈಗ ಬೆಲೆ. 25 ರೂಪಾಯಿಗೆ 5 ಗ್ರಾಂ ಎಂದರೆ ಒಂದು ಗ್ರಾಂ ಪ್ರೋಟೀನ್‌ಗೆ ಐದು ರೂಪಾಯಿ. ಮೊಟ್ಟೆಯಲ್ಲಿ ಅದು ಒಂದು ರೂಪಾಯಿಯ ಆಸುಪಾಸು. ಸೋಯಾ ಉಂಡೆಯ ಪೊಟ್ಟಣದ ಮೇಲೆ 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಎಂದಿರುತ್ತದೆ; ಕಿಲೋಗೆ 150 ರೂಪಾಯಿ ಎಂದು ಹಿಡಿದರೂ ಗ್ರಾಂಗೆ 30 ಪೈಸೆ ದಾಟುವುದಿಲ್ಲ. ತೊಗರಿಗೆ 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಬೆಲೆಯಲ್ಲಿ ರೈತನ ಕಣದಲ್ಲೇ ಲೆಕ್ಕ ಹಾಕಿದರೆ ಗ್ರಾಂ ಪ್ರೋಟೀನ್‌ಗೆ 36 ಪೈಸೆ. ಬೇಳೆಯಾಗಿ ಅಂಗಡಿಗೆ ಬರುವ ಹೊತ್ತಿಗೆ ಇನ್ನಷ್ಟು ಏರುತ್ತದೆ, ಆದರೂ ಮೊಟ್ಟೆಯ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ. ಅರವತ್ತು ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ ಬೇಕಾದದ್ದು 50 ಗ್ರಾಂನಷ್ಟು. ಬರ್ಗರ್ ಅಂಗಡಿಯ ಹಾಳೆಯಿಂದ ಅದನ್ನು ತುಂಬಿಸಿಕೊಳ್ಳಲು ಹೊರಟರೆ ದಿನಕ್ಕೆ 250 ರೂಪಾಯಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನಿಗೋ ಬಳ್ಳಾರಿಯ ಜೀನ್ಸ್ ಹೊಲಿಯುವ ಹೆಣ್ಣುಮಗಳಿಗೋ ಇದನ್ನು ಆರೋಗ್ಯದ ದಾರಿ ಎಂದು ತೋರಿಸುವುದು ಅಣಕ. ಇಂಥ ಕಡೆ ಗಿರಾಕಿ ಕೊಡುವ ದುಡ್ಡಿನ ಹೆಚ್ಚು ಪಾಲು ಮಳಿಗೆಯ ಬಾಡಿಗೆಗೆ, ಶೀತಲ ಸಾಗಣೆಗೆ, ಜಾಹೀರಾತಿಗೆ ಹೋಗುತ್ತದೆ. ಅದನ್ನು ಪ್ರೋಟೀನ್‌ನ ಬೆಲೆ ಎಂದು ಎಣಿಸಬಾರದು, ಅಷ್ಟೆ.

ಆರೋಗ್ಯದ ವಿಚಾರದಲ್ಲಿ ಎರಡೂ ಕಡೆಯವರು ಅತಿಯಾಗಿ ಮಾತಾಡುತ್ತಾರೆ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 2020ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗವೊಂದರಲ್ಲಿ 36 ಜನ ಮಾಂಸದ ಬದಲು ಸಸ್ಯಜನ್ಯ ಮಾಂಸ ತಿಂದಾಗ ಅವರ ಕೆಟ್ಟ ಕೊಲೆಸ್ಟ್ರಾಲ್ ಇಳಿದಿತ್ತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಸಸ್ಯಜನ್ಯ ಮಾಂಸ ಮಾರುವ ಬಿಯಾಂಡ್ ಮೀಟ್ ಕಂಪನಿ ಎಂಬುದನ್ನೂ ನೆನಪಿಡಬೇಕು. ಹೋಲಿಕೆ ಕೆಂಪು ಮಾಂಸದೊಂದಿಗೆ ಇದ್ದಾಗ ಗೆಲ್ಲುವ ಪ್ಯಾಟಿ, ಹೋಲಿಕೆ ಬೇಳೆಸಾರಿನೊಂದಿಗೆ ಬಂದಾಗ ಸೋಲುತ್ತದೆ. ಉಪ್ಪು ಹೆಚ್ಚು, ತೆಂಗಿನೆಣ್ಣೆಯ ಗಟ್ಟಿ ಕೊಬ್ಬು ಹೆಚ್ಚು, ಮೇಲೆ ಕರಿದದ್ದು. ಪೊಟ್ಟಣ ಕೊಳ್ಳುವವರು ಹಿಂಬದಿಯಲ್ಲಿ ಸೋಡಿಯಂ ಎಷ್ಟು, ಬಿ12 ಜೀವಸತ್ವ ಸೇರಿಸಿದ್ದಾರೆಯೇ ಎಂದು ನೋಡಬೇಕು. ಸಸ್ಯದಲ್ಲಿ ಬಿ12 ಇರುವುದಿಲ್ಲ, ಹಾಲನ್ನೂ ಬಿಟ್ಟವರಿಗೆ ಇದು ಸಣ್ಣ ವಿಷಯವಲ್ಲ. ಹಾಲು, ಜೇನು ಏನೂ ಇಲ್ಲದ ಆಹಾರಕ್ಕೆ 2022ರ ನಿಯಮದಂತೆ ಹಸಿರು ವಿ ಅಕ್ಷರದ ಬೇರೆಯದೇ ಗುರುತು ಇದೆ. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಹಾಲಿನ ಅಂಶ ಇಲ್ಲ ಎಂದಲ್ಲ. ಇನ್ನು ಬಣ್ಣದ ಬಗ್ಗೆ ಮೂಗು ಮುರಿಯುವವರಿಗೆ ಒಂದು ಮಾತು: ಬೀಟ್‌ರೂಟ್ ಬಣ್ಣದ ಪ್ಯಾಟಿಗಿಂತ ನಮ್ಮ ಬೀದಿಯ ಕೆಂಪು ಗೋಬಿ, ಕೆಂಪು ಕಬಾಬ್ ಹೆಚ್ಚು ಅಪಾಯದ್ದಾಗಿತ್ತು. ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಹುಟ್ಟಿದ ನಾಡಿನಲ್ಲೇ ಈ ಉದ್ಯಮ ಮುಗ್ಗರಿಸಿದೆ. ಬಿಯಾಂಡ್ ಮೀಟ್ 2019ರ ಮೇ ತಿಂಗಳಲ್ಲಿ 25 ಡಾಲರಿಗೆ ಷೇರು ಮಾರಿತು, ಜುಲೈನಲ್ಲಿ ಅದು 230 ಡಾಲರ್ ದಾಟಿತು, 2025ರ ಅಕ್ಟೋಬರ್‌ನಲ್ಲಿ ಒಂದು ಡಾಲರಿಗಿಂತ ಕೆಳಗೆ ಇಳಿಯಿತು. ಮೆಕ್‌ಡೊನಾಲ್ಡ್ಸ್ ಅಮೆರಿಕದಲ್ಲಿ ನಡೆಸಿದ ಮೆಕ್‌ಪ್ಲಾಂಟ್ ಎಂಬ ಸಸ್ಯಜನ್ಯ ಬರ್ಗರ್‌ನ ಪ್ರಯೋಗ ಫಲಿಸಲಿಲ್ಲವೆಂದು ಅಲ್ಲಿನ ಮುಖ್ಯಸ್ಥರೇ 2024ರಲ್ಲಿ ಒಪ್ಪಿಕೊಂಡರು. ಜನ ಕುತೂಹಲಕ್ಕೆ ಒಮ್ಮೆ ಕೊಂಡರು, ಮತ್ತೆ ಬರಲಿಲ್ಲ. ಮಾಂಸಕ್ಕಿಂತ ಬೆಲೆ ಹೆಚ್ಚಿದ್ದು, ರುಚಿ ಕಡಿಮೆ ಇದ್ದದ್ದು ಎರಡೂ ಸೇರಿ ಅದನ್ನು ಕೆಡವಿದವು.

ರಾಯಚೂರಿನ ಮಾರುಕಟ್ಟೆ ಪ್ರಾಂಗಣಕ್ಕೆ ಈ ಕಥೆ ತಾಗುವುದು ಬಟಾಣಿಯ ಮೂಲಕ. ಸಸ್ಯಜನ್ಯ ಮಾಂಸದ ಪ್ರಮುಖ ಕಚ್ಚಾವಸ್ತು ಹಳದಿ ಬಟಾಣಿ, ಕೆನಡಾ ಮತ್ತು ರಷ್ಯಾದಲ್ಲಿ ಹೇರಳವಾಗಿ ಬೆಳೆಯುವಂಥದ್ದು. ಬೇಳೆಯ ಬೆಲೆ ತಗ್ಗಿಸಲು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಿಂದ ಇದೇ ಬಟಾಣಿಯನ್ನು ಸುಂಕವಿಲ್ಲದೆ ಒಳಗೆ ಬಿಟ್ಟಿತು. ಕಡಲೆ ಹಿಟ್ಟಿನ ಜಾಗಕ್ಕೆ ಬಟಾಣಿ ಹಿಟ್ಟು, ತೊಗರಿ ಬೇಳೆಯ ಜಾಗಕ್ಕೆ ಒಡೆದ ಬಟಾಣಿ ನುಸುಳಿತು. ತೊಗರಿಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದು ಕಲಬುರಗಿ, ರಾಯಚೂರಿನ ರೈತರು ಕೂಗೆಬ್ಬಿಸಿದರು. 2025ರ ನವೆಂಬರ್‌ನಿಂದ ಬಟಾಣಿಗೆ ಶೇ 30ರ ಸುಂಕ ಬಿದ್ದಿದೆ. ಬರ್ಗರ್ ಮಾರುವ ಕಂಪನಿಗೆ ಅಗ್ಗದ ಆಮದು ಬಟಾಣಿ ಬೇಕು, ಮಸ್ಕಿ ಅಥವಾ ಲಿಂಗಸುಗೂರಿನ ಎರೆಭೂಮಿಯ ರೈತನಿಗೆ ಅದು ಬರಬಾರದು. ಸಸ್ಯಾಹಾರವೇ ಪರಿಸರಕ್ಕೆ ಒಳ್ಳೆಯದು ಎಂಬ ಒಂದೇ ಸಾಲಿನ ಮಾತಿನೊಳಗೆ ಈ ಜಗಳ ಅಡಗಿಕೊಳ್ಳುತ್ತದೆ. ಯಾವ ಸಸ್ಯ, ಯಾರ ಹೊಲದ್ದು ಎಂದು ಕೇಳದೆ ಅದಕ್ಕೆ ತಲೆದೂಗಲಾರೆ.

ತೊಗರಿಯಿಂದಲೇ ಇದನ್ನೆಲ್ಲ ಮಾಡಬಹುದಲ್ಲ ಎಂದರೆ, ಅಷ್ಟು ಸರಳವೂ ಅಲ್ಲ. ಸೋಯಾದಲ್ಲಿ ನೂರಕ್ಕೆ ಮೂವತ್ತಾರರಿಂದ ನಲವತ್ತು ಪಾಲು ಪ್ರೋಟೀನ್ ಇದ್ದರೆ ತೊಗರಿ, ಕಡಲೆಯಲ್ಲಿ ಇಪ್ಪತ್ತೆರಡರ ಆಸುಪಾಸು, ಉಳಿದದ್ದು ಬಹುಪಾಲು ಪಿಷ್ಟ. ಯಂತ್ರದಲ್ಲಿ ನಾರುಗಟ್ಟಬೇಕಾದರೆ ಪಿಷ್ಟವನ್ನು ಬೇರ್ಪಡಿಸಬೇಕು. ಬಟಾಣಿಗೆ ಇದನ್ನು ನೀರಿಲ್ಲದೆ, ನುಣ್ಣಗೆ ಬೀಸಿ ಗಾಳಿಯಲ್ಲಿ ತೂರಿ ಮಾಡುವ ವಿಧಾನ ಬಳಕೆಯಲ್ಲಿದೆ: ಹಗುರವಾದ ಪ್ರೋಟೀನ್ ಕಣ ಒಂದು ಕಡೆ, ಭಾರದ ಪಿಷ್ಟ ಇನ್ನೊಂದು ಕಡೆ. ಬೇಳೆ ಗಿರಣಿಯಲ್ಲಿ ಕ್ವಿಂಟಲ್ ತೊಗರಿಗೆ ಎಪ್ಪತ್ತು ಎಪ್ಪತ್ತೈದು ಕಿಲೋ ಬೇಳೆ ಬಂದರೆ ಉಳಿದದ್ದು ನುಚ್ಚು, ಹಿಟ್ಟು, ಹೊಟ್ಟಾಗಿ ದನದ ಮೇವಿಗೆ ಹೋಗುತ್ತದೆ. ಆ ನುಚ್ಚಿನಲ್ಲಿ, ಆ ಹಿಟ್ಟಿನಲ್ಲಿ ಇರುವುದು ಬೇಳೆಯದೇ ಪ್ರೋಟೀನ್. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆಯ ಎಂಜಿನಿಯರಿಂಗ್ ಕಲಿಸುತ್ತಾರೆ, ಮೈಸೂರಿನ ಸಿಎಫ್‌ಟಿಆರ್‌ಐ ಬರ್ಗರ್ ಕಂಪನಿಗೆ ಹಾಳೆ ಮಾಡಿಕೊಟ್ಟಿದೆ. ತೊಗರಿ ನುಚ್ಚಿನಿಂದ ಉಂಡೆ ಮಾಡುವ ಜ್ಞಾನ ರಾಜ್ಯದೊಳಗೇ ಸಿಗುವಂಥದ್ದು.

ಕೊಳ್ಳುವವರು ಯಾರು ಎಂಬುದೇ ಗಿರಣಿ ಮಾಲೀಕ ಕೇಳುವ ಮೊದಲ ಪ್ರಶ್ನೆ, ಅದು ನ್ಯಾಯವೂ ಹೌದು. ಬರ್ಗರ್ ಮಳಿಗೆಗೆ ಮಾರುತ್ತೇನೆಂದು ಅವನು ಯಂತ್ರ ಹಾಕಿದರೆ ಮುಳುಗುತ್ತಾನೆ. ದೊಡ್ಡ ಪ್ರಮಾಣದಲ್ಲಿ, ವರ್ಷವಿಡೀ, ಒಂದೇ ಬೆಲೆಗೆ ಕೊಳ್ಳಬಲ್ಲವರು ಬಿಸಿಯೂಟದ ಅಡುಗೆಮನೆ, ಅಂಗನವಾಡಿ, ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯಗಳು. ಅಲ್ಲಿ ಅದು ಮಾಂಸದಂತೆ ಕಾಣಬೇಕಿಲ್ಲ, ಸಾಗುವಿನಲ್ಲಿ ಬೆಂದು ಮೆತ್ತಗಾಗಿ, ಮಕ್ಕಳು ತಟ್ಟೆಯ ಅಂಚಿಗೆ ಸರಿಸದೆ ತಿಂದರೆ ಸಾಕು. ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಹಾಗೆಯೇ ಇರಲಿ, ಅದನ್ನು ತೆಗೆಯಲು ಇದು ನೆಪವಾಗಬಾರದು. ಬಾಳೆಹಣ್ಣು ಪಡೆಯುತ್ತಿರುವ ಮಗುವಿನ ಪಾಲಿಗೆ ಮಾತ್ರ ಆರು ಗ್ರಾಂ ಪ್ರೋಟೀನ್ ಇರುವ ಉಂಡೆಯ ಸಾಗು ಬರಲಿ. ಜಿಲ್ಲಾ ಪಂಚಾಯಿತಿಯ ಖರೀದಿಯಲ್ಲಿ ಕಿಲೋಗೆ ಎಷ್ಟು ಎಂದು ಕೇಳುವುದರ ಜೊತೆಗೆ ಪ್ರೋಟೀನ್‌ನ ಗ್ರಾಂಗೆ ಎಷ್ಟು ಎಂದೂ ಕೇಳಿದರೆ, ಆಮದು ಬಟಾಣಿಯ ಎದುರು ಸ್ಥಳೀಯ ನುಚ್ಚು ಎಲ್ಲಿ ನಿಲ್ಲುತ್ತದೆ ಎಂಬುದು ಮೊದಲ ಟೆಂಡರಿನಲ್ಲೇ ಗೊತ್ತಾಗುತ್ತದೆ.